ಗಿಟಾರಿಗೆ ಅಯಸ್ಕಾಂತ ಕೂರಿಸಿದವರು

ನಾನು ಚಿಂತಾಮಣಿಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರಾಗಿದ್ದಾಗ ಊರಿನ ಅರ್ಧಕ್ಕರ್ಧ ರೇಡಿಯೋಗಳನ್ನು ರಿಪೇರಿ ಮಾಡುತ್ತಿದ್ದವರಿಗೆ ಕಿವಿ ಕೇಳುತ್ತಿರಲಿಲ್ಲ. ಊರಿಗೆಲ್ಲ ಇದು ಗೊತ್ತಿತ್ತು, ಯಾರೂ ಅದನ್ನೊಂದು ವಿಚಿತ್ರವೆಂದು ಆಡಿಕೊಳ್ಳುತ್ತಿರಲಿಲ್ಲ. ರೇಡಿಯೋ ಸರಿಹೋಯಿತೆಂದು ತಮಗೆ ಅನಿಸಿದ ಮೇಲೆ ಅವರು ಅದನ್ನು ಗಿರಾಕಿಯ ಕಡೆ ತಿರುಗಿಸುತ್ತಿದ್ದರು.

"ಮನುಷ್ಯರು ಮಾತಾಡ್ದಂಗಿದ್ಯಾ, ತಗಡು ಮಾತಾಡ್ದಂಗಿದ್ಯಾ? ನಿಜ ಹೇಳ್ಬೇಕಪ್ಪ."

ಗಿರಾಕಿ ದಾಕ್ಷಿಣ್ಯಕ್ಕೆ ಚೆನ್ನಾಗಿದೆ ಎಂದರೆ ಅವರಿಗೆ ಮುಖ ನೋಡಿಯೇ ತಿಳಿದುಬಿಡುತ್ತಿತ್ತು. ಪೆಟ್ಟಿಗೆಯನ್ನು ಮತ್ತೆ ಬಿಚ್ಚುತ್ತಿದ್ದರು.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿದ್ದ ಅವರ ಮನೆಯ ಮುಂಗೋಣೆಯೇ ಅಂಗಡಿ. ಬೋರ್ಡು ಇರಲಿಲ್ಲ. ಬಾಗಿಲ ಪಕ್ಕದಲ್ಲಿ ಸುಟ್ಟುಹೋದ ಪಂಪಿನ ಮೋಟರುಗಳು ಸಾಲಾಗಿ ಕೂತಿರುತ್ತಿದ್ದವು, ಅದೇ ಗುರುತು. ಹಳ್ಳಿಗಳಿಗೆ ಆಗಷ್ಟೇ ಕರೆಂಟು ಬರುತ್ತಿದ್ದ ಕಾಲ. ದೂರದ ಸಾದಲಿಯಿಂದಲೂ ಗಾಡಿಯಲ್ಲಿ ಮೋಟರು ಹೇರಿಕೊಂಡು ಬರುತ್ತಿದ್ದರು. ಅವರು ಮೋಟರಿನ ಹೊಟ್ಟೆಯಿಂದ ಸುಟ್ಟ ತಂತಿಯನ್ನು ಕಿತ್ತು ಹೊಸ ತಂತಿ ಸುತ್ತುತ್ತಿದ್ದರು. ಸುತ್ತಿದ ಮೇಲೆ ಓಡಿಸಿ, ಒಂದು ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ಅದರ ತುದಿಯನ್ನು ಮೋಟರಿನ ಮೈಗೆ ಮುಟ್ಟಿಸಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಸದ್ದು ಹಲ್ಲಿನಿಂದ ತಲೆಯ ಮೂಳೆಗೆ ಇಳಿದು ಅವರಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಮೋಟರಿನಲ್ಲಿ ಎಲ್ಲಿ ಏನು ಸವೆದಿದೆ ಎಂಬುದನ್ನು ಅವರು ಹೀಗೆ ಕಚ್ಚಿಯೇ ಹೇಳುತ್ತಿದ್ದರು.

ಯುದ್ಧದ ಕಾಲದಲ್ಲಿ ಅವರು ಸೈನ್ಯದ ಟೆಲಿಫೋನು ದಳದಲ್ಲಿ, ಬರ್ಮಾ ಗಡಿಯ ಕಡೆ ಇದ್ದವರು. ಹತ್ತಿರದಲ್ಲೇ ಸಿಡಿದ ಒಂದು ಶೆಲ್ಲು ಎರಡೂ ಕಿವಿಯ ತಮಟೆಯನ್ನು ಹರಿದುಹಾಕಿತ್ತು. ಕಿವಿ ಕೇಳದವರು ಕೂಗಿ ಮಾತಾಡುತ್ತಾರೆಂದು ನಾನು ತಿಳಿದಿದ್ದೆ. ಇವರದ್ದು ತಿರುಗುಮುರುಗು. ತಮ್ಮ ದನಿ ತಮ್ಮ ತಲೆಯೊಳಗೆ ಜೋರಾಗಿ ಕೇಳುವುದರಿಂದಲೋ ಏನೋ, ಗುಟ್ಟು ಹೇಳುವವರಷ್ಟು ಮೆಲ್ಲಗೆ ಮಾತಾಡುತ್ತಿದ್ದರು. ನಾವು ಅವರ ಹತ್ತಿರ ಕೂಗಬೇಕು, ಅವರು ಪಿಸುಗುಡಬೇಕು. ಬೀದಿಯಲ್ಲಿ ಹೋಗುವವರಿಗೆ ನಾವು ಅವರನ್ನು ಬೈಯುತ್ತಿದ್ದೇವೆ ಎಂದೇ ಅನಿಸುತ್ತಿತ್ತು. ಅವರ ಹೆಂಡತಿ ಮಾತ್ರ ಕೂಗುತ್ತಿರಲಿಲ್ಲ. ಅವರ ಮುಂದಿನ ಹಲಗೆಯ ಮೇಲೆ ಬೆರಳ ಗಂಟಿನಿಂದ ಕುಟ್ಟುತ್ತಿದ್ದರು: ಒಂದು ಸಲ ಕುಟ್ಟಿದರೆ ಗಿರಾಕಿ, ಎರಡು ಸಲಕ್ಕೆ ಊಟ. ಅಂಗೈಯನ್ನು ಹಲಗೆಯ ಮೇಲಿಟ್ಟುಕೊಂಡೇ ಕೆಲಸ ಮಾಡುವ ಅಭ್ಯಾಸ ಗಂಡನಿಗೆ ಹಾಗಾಗಿ ಬಂದಿತ್ತು.

ನಾನು ಅವರ ಬಳಿ ಹೋಗಿದ್ದು ಮೋಟರಿಗೂ ಅಲ್ಲ, ರೇಡಿಯೋಗೂ ಅಲ್ಲ. ಅದನ್ನು ಹೇಳಬೇಕಾದರೆ ನನ್ನ ಎಡಗೈಯ ವಿಷಯ ಹೇಳಬೇಕು.

ಹತ್ತು ವರ್ಷ ಪಿಟೀಲು ಕಲಿತವನು ನಾನು. ಬೇಸಿಗೆ ರಜದಲ್ಲಿ ಶಿಡ್ಲಘಟ್ಟದಿಂದ ಬರುವಾಗ ನಾನಿದ್ದ ಬಸ್ಸು ರಸ್ತೆ ಬಿಟ್ಟು ಹಿಪ್ಪುನೇರಳೆ ತೋಟಕ್ಕೆ ಉರುಳಿತು. ಜೀವಕ್ಕೇನೂ ಆಗಲಿಲ್ಲ. ಎಡಗೈ ಸೀಟಿನ ಸರಳಿಗೆ ಸಿಕ್ಕಿ ಮುರಿಯಿತು. ಮೂಳೆ ಕೂಡಿತು, ಆದರೆ ಉಂಗುರದ ಬೆರಳು ಮತ್ತು ಕಿರುಬೆರಳು ಮತ್ತೆ ಮಡಿಸಲಿಕ್ಕೆ ಬರಲಿಲ್ಲ. ಕಡ್ಡಿಗಳ ಹಾಗೆ ನೆಟ್ಟಗೆ ನಿಂತುಬಿಟ್ಟವು. ಪಿಟೀಲನ್ನು ತಂಗಿಯ ಮನೆಗೆ ಕಳಿಸಿದೆ. ಮನೆಯಲ್ಲಿ ಅದರ ಮಾತು ಯಾರೂ ಎತ್ತದ ಹಾಗೆ ನೋಡಿಕೊಂಡೆ. ಎರಡು ವರ್ಷ ಹಾಗೇ ಕಳೆಯಿತು.

ಆಮೇಲೆ ಬೆಂಗಳೂರಿನ ಒಂದು ಸಭೆಯಲ್ಲಿ ಒಬ್ಬರು ಗಿಟಾರನ್ನು ಮಗುವನ್ನು ಮಲಗಿಸಿಕೊಂಡಂತೆ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ತಂತಿಗಳ ಮೇಲೆ ಉಕ್ಕಿನ ಸರಳೊಂದನ್ನು ಜಾರಿಸುತ್ತ ನುಡಿಸಿದ್ದನ್ನು ಕಂಡೆ. ಹವಾಯಿ ಗಿಟಾರು. ನನ್ನ ಕಣ್ಣು ಅವರ ಎಡಗೈ ಮೇಲೇ ಇತ್ತು. ಸರಳನ್ನು ಹಿಡಿಯುವುದಕ್ಕೆ ಹೆಬ್ಬೆರಳು ಮತ್ತು ಎರಡು ಬೆರಳು ಸಾಕು. ಉಳಿದೆರಡು ಬೆರಳು ನೆಟ್ಟಗೆ ತಂತಿಯ ಮೇಲೆ ಮಲಗಿರುತ್ತವೆ. ನನ್ನವು ಅದಕ್ಕೇ ಹೇಳಿಮಾಡಿಸಿದಂತಿದ್ದವು. ಒಂದು ಹಳೆಯ ಗಿಟಾರು ಕೊಂಡುತಂದೆ. ಆರು ತಿಂಗಳಲ್ಲಿ ಕೈ ಕೂತಿತು. ಬೆಳಿಗ್ಗೆ ಎದ್ದರೆ ಒಂದು ಕೆಲಸವಿದೆ ಅನ್ನಿಸತೊಡಗಿತು.

ಚಿಕ್ಕಬಳ್ಳಾಪುರದ ಪೋಸ್ಟ್ ಮಾಸ್ಟರರೊಬ್ಬರು ಹಾರ್ಮೋನಿಯಂ ಹಿಡಿದು ಹಾಡುತ್ತಿದ್ದರು. ತಬಲ, ಕೊಳಲು ಸೇರಿಸಿಕೊಂಡು ಚಿಕ್ಕ ಮೇಳ ಕಟ್ಟಿದ್ದರು. ಮದುವೆ ಆರತಕ್ಷತೆ, ಗಣೇಶನ ಚಪ್ಪರ, ಶಾಲಾ ವಾರ್ಷಿಕೋತ್ಸವ ಎಂದು ಸುತ್ತುತ್ತಿದ್ದರು. ನನ್ನನ್ನೂ ಸೇರಿಸಿಕೊಂಡರು. ಎರಡು ಕಾರ್ಯಕ್ರಮ ಆದ ಮೇಲೆ ನಗುತ್ತಲೇ ಹೇಳಿದರು: "ನಿಮ್ಮ ಗಿಟಾರು ಕಾಣ್ಸುತ್ತೆ ಮೇಷ್ಟ್ರೇ, ಕೇಳ್ಸಲ್ಲ."

ಮಾತು ನಿಜವಾಗಿತ್ತು. ತಬಲದ ಮುಂದೆ ಆ ಮರದ ಪೆಟ್ಟಿಗೆಯ ದನಿ ಎಲ್ಲಿಗೂ ಸಾಲದು. ಮೈಕು ಹತ್ತಿರ ತಂದರೆ ಕುಯ್ಯೋ ಎಂದು ಅರಚಿಕೊಳ್ಳುತ್ತಿತ್ತು. ಬೊಂಬಾಯಿ ಕಡೆಯವರು ತಂತಿಯ ಕೆಳಗೆ ಪಿಕಪ್ ಎಂಬ ಒಂದು ಸಣ್ಣ ಪಟ್ಟಿ ಕೂರಿಸಿ, ಅದರಿಂದ ನೇರವಾಗಿ ಧ್ವನಿವರ್ಧಕಕ್ಕೆ ತಂತಿ ಎಳೆಯುತ್ತಾರೆಂದು ಕೇಳಿದ್ದೆ. ಪತ್ರಿಕೆಯೊಂದರಿಂದ ಕತ್ತರಿಸಿಟ್ಟ ಅದರ ಚಿತ್ರ ಹಿಡಿದು ಆ ಮುಂಗೋಣೆಯ ಮೆಟ್ಟಿಲು ಹತ್ತಿದೆ.

ಎಲ್ಲರೂ ಅಣ್ಣ ಎಂದು ಕರೆಯುತ್ತಿದ್ದ ಅವರು ಚಿತ್ರವನ್ನು ಬಹಳ ಹೊತ್ತು ನೋಡಿದರು. ನನ್ನ ಗಿಟಾರಿನ ಒಂದು ತಂತಿಯನ್ನು ಮೀಟಿ, ಅದು ಅದುರುವುದನ್ನು ನೋಡಿದರು.

"ಟೆಲಿಫೋನಲ್ಲಿ ಮ್ಯಾಗ್ನೆಟ್ಟಿನ ಮುಂದೆ ತಗಡು ಅಲ್ಲಾಡ್ತದೆ," ಎಂದರು ಮೆಲ್ಲಗೆ. "ಇಲ್ಲಿ ತಂತಿ ಅಲ್ಲಾಡ್ತದೆ. ಅಷ್ಟೇ ತಾನೆ? ಬಿಟ್ಟು ಹೋಗಿ ಮೇಷ್ಟ್ರೇ. ನಿಮ್ ಗಿಟಾರಿಗೊಂದು ಕಿವಿ ಮಾಡಣ."

ಹಾಗೆ ಅದಕ್ಕೆ ಕಿವಿ ಎಂದೇ ಹೆಸರಾಯಿತು. ಸೈನ್ಯದ ಗುಜರಿಯಿಂದ ತಂದಿಟ್ಟುಕೊಂಡಿದ್ದ ಹಳೆಯ ಫೋನಿನಿಂದ ಬೆರಳುದ್ದದ ಅಯಸ್ಕಾಂತ ತೆಗೆದರು. ಅದರ ಮೇಲೆ ಆರು ತಂತಿಗೆ ಆರು ಕಬ್ಬಿಣದ ತಿರುಪುಗಳನ್ನು ನಿಲ್ಲಿಸಿದರು. ಆ ತಿರುಪುಗಳ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಬೇಕಿತ್ತು. ಅವರ ಕೈಯಲ್ಲಿ ಅದು ಮೂರು ಸಲ ತುಂಡಾಯಿತು. ಆಗ ಅವರ ಹೆಂಡತಿ ಒಳಗಿಂದ ಬಂದು, "ಏಳಿ ನೀವು," ಎಂದು ಸನ್ನೆ ಮಾಡಿ ಆ ಜಾಗದಲ್ಲಿ ಕೂತರು. ಆಕೆ ಜಂಗಮಕೋಟೆಯವರು, ಮದುವೆಗೆ ಮುಂಚೆ ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಬಿಚ್ಚಾಣಿಕೆಯಲ್ಲಿ ಕೈ ಪಳಗಿದವರು. ಎಳೆ ತುಂಡಾಗುವ ಮುಂಚೆಯೇ ಬೆರಳಿಗೆ ಗೊತ್ತಾಗುತ್ತದೆ ಎನ್ನುತ್ತಿದ್ದರು. ಎರಡು ಮಧ್ಯಾಹ್ನದಲ್ಲಿ, ಒಂದು ಸಲವೂ ತುಂಡಾಗದೆ, ಸುತ್ತಿ ಮುಗಿಸಿದರು.

ಕಿವಿ ಕೂರಿಸಿ, ಅದರ ತಂತಿಯನ್ನು ಒಂದು ದೊಡ್ಡ ರೇಡಿಯೋದ ಹಿಂಬದಿಗೆ ಸಿಕ್ಕಿಸಿ ನಾನು ಮೀಟಿದಾಗ ಅಂಗಡಿಯೆಲ್ಲ ತುಂಬುವಂಥ ನಾದ ಬಂತು. ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. ಅಣ್ಣ ರೇಡಿಯೋದ ಮೇಲೆ ಅಂಗೈ ಇಟ್ಟುಕೊಂಡು ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಮಕ್ಕಳ ಹಾಗೆ ನಕ್ಕರು.

ಸಂಕಟ ನನಗೆ ಗೊತ್ತಾದದ್ದು ಒಂದು ವಾರದ ಮೇಲೆ, ಜೋರಿನ ಸಂಭ್ರಮ ಇಳಿದಾಗ. ನಾದ ಜೋರಾಗಿ ಹುಟ್ಟುತ್ತಿತ್ತು, ಆದರೆ ಉಳಿಯುತ್ತಿರಲಿಲ್ಲ. ಸರಳನ್ನು ಜಾರಿಸಿ ಒಂದು ಸ್ವರದ ಮೇಲೆ ನಿಂತರೆ ಅದು ಕೂಡಲೇ ಕುಸಿಯುತ್ತಿತ್ತು. ದಪ್ಪ ತಂತಿಗಳಲ್ಲಂತೂ ಒಂದು ಸ್ವರದ ಬದಲು ಎರಡು ಕೇಳುತ್ತಿದ್ದವು, ಒಂದನ್ನೊಂದು ತಳ್ಳಾಡುವ ಹಾಗೆ. ನಡುಗುವ ನಾದ. ನನಗೆ ಹೊಳೆದಿದ್ದು ಒಂದೇ ಕಾರಣ: ನನ್ನ ಕೈ ನಡುಗುತ್ತಿದೆ. ಮುರಿದ ಕೈ ಅಷ್ಟೇ, ಇನ್ನೆಷ್ಟು ದಿನ ಬಂದೀತು. ನನ್ನ ಸ್ವಂತ ಕಿವಿಯೂ ಶ್ರುತಿ ಕಳೆದುಕೊಂಡಿರಬಹುದೇ ಎಂಬ ಭಯವೂ ಸೇರಿಕೊಂಡಿತು. ಹೆಂಡತಿಗೂ ಹೇಳಲಿಲ್ಲ. ಶಾಲೆಯಲ್ಲಿ ಬೋರ್ಡಿನ ಮೇಲೆ ಗೆರೆ ಎಳೆಯುವಾಗ ಎಡಗೈಯನ್ನು ಮುಂದೆ ಚಾಚಿ ನೋಡಿಕೊಳ್ಳುತ್ತಿದ್ದೆ. ಅಲ್ಲಿ ನಡುಗುತ್ತಿರಲಿಲ್ಲ. ಗಿಟಾರಿನ ಮೇಲೆ ಮಾತ್ರ ನಡುಗುತ್ತದೆ ಎಂದರೆ ಇನ್ನೂ ಹೆದರಿಕೆಯಾಗುತ್ತಿತ್ತು.

ಚಿಕ್ಕಬಳ್ಳಾಪುರದಲ್ಲಿ ಒಂದು ಆರತಕ್ಷತೆ. ಪೋಸ್ಟ್ ಮಾಸ್ಟರರು ಒಂದು ಭಾವಗೀತೆಯನ್ನು ಎತ್ತಿಕೊಂಡರು. ನಡುವೆ ನಾನೊಬ್ಬನೇ ನುಡಿಸಬೇಕಾದ ಭಾಗ. ಮೊದಲ ಸ್ವರವೇ ಒಡೆಯಿತು. ಮುಂದಿನದೂ ಒಡೆಯಿತು. ಅವರು ಹಾಡಿಗೆ ಮರಳುವಾಗ ಶ್ರುತಿ ಹುಡುಕಲು ತಡವರಿಸಿದ್ದು ನನಗೆ ಕೇಳಿಸಿತು. ಹಾಡುತ್ತಲೇ ಅವರು ಪಕ್ಕಕ್ಕೆ ಕೈ ಚಾಚಿ ನನ್ನ ಗಿಟಾರಿನ ದನಿಯ ಗುಂಡಿಯನ್ನು ಪೂರ್ತಿ ಕೆಳಕ್ಕೆ ತಿರುಗಿಸಿಬಿಟ್ಟರು. ಉಳಿದ ಎಂಟು ಹಾಡಿಗೂ ನಾನು ಸದ್ದಿಲ್ಲದ ಗಿಟಾರಿನ ಮೇಲೆ ಕೈಯಾಡಿಸುತ್ತ ಕೂತಿದ್ದೆ. ಮುಗಿದ ಮೇಲೆ ಅವರು ತಾವೇ ಕಾಫಿ ತಂದುಕೊಟ್ಟರು. ಅದೇ ಹೆಚ್ಚು ನೋವು ಕೊಟ್ಟಿತು.

ಮರುದಿನ ಶಾಲೆ ಬಿಟ್ಟ ಮೇಲೆ ಗಿಟಾರನ್ನು ಹೊತ್ತು ಮುಂಗೋಣೆಗೆ ಹೋದೆ.

"ಇದನ್ನ ಬಿಚ್ಚಿ ಇಟ್ಕೊಳ್ಳಿ ಅಣ್ಣ," ಎಂದು ಕೂಗಿ ಹೇಳಿದೆ. "ಸ್ಕೂಲಲ್ಲಿ ಕೆಲಸ ಜಾಸ್ತಿ. ಇನ್ನು ನುಡಿಸೋಕಾಗಲ್ಲ."

ಅವರು ನನ್ನ ಮುಖವನ್ನೇ ನೋಡಿದರು. ರೇಡಿಯೋ ಗಿರಾಕಿಗಳನ್ನು ನೋಡುತ್ತಿದ್ದ ಹಾಗೆ.

"ಬಿಚ್ತೀನಿ. ಅದಕ್ ಮುಂಚೆ ದಪ್ಪ ತಂತಿ ಒಂದ್ಸಲ ಮೀಟಿ."

ಸ್ಕ್ರೂಡ್ರೈವರನ್ನು ಹಲ್ಲಿನಲ್ಲಿ ಕಚ್ಚಿ, ಅದರ ತುದಿಯನ್ನು ಗಿಟಾರಿನ ಮರಕ್ಕೆ ಮುಟ್ಟಿಸಿದರು. ನಾನು ಮೀಟಿದೆ. ಅವರು ಬೆರಳು ಮಡಿಸುತ್ತ ಎಣಿಸಿದರು. ನಾಲ್ಕಕ್ಕೆ ನಾದ ಸತ್ತಿತು. ಇನ್ನೊಮ್ಮೆ ಎಂದರು. ಮತ್ತೆ ನಾಲ್ಕು. ಹುಬ್ಬು ಗಂಟಿಕ್ಕಿದರು. ಕಿವಿಯನ್ನು ಹಿಡಿದಿದ್ದ ತಿರುಪುಗಳನ್ನು ಸಡಿಲಿಸಿ ಅದನ್ನು ಗಿಟಾರಿನಿಂದ ಪೂರ್ತಿ ಬೇರೆ ಮಾಡಿ ದೂರ ಇಟ್ಟರು.

"ಈಗ."

ಮೀಟಿದೆ. ಅವರು ಕಣ್ಣು ಮುಚ್ಚಿ ಎಣಿಸಿದರು. ನಾಲ್ಕು ದಾಟಿತು, ಆರು ದಾಟಿತು. ಒಂಬತ್ತರವರೆಗೂ ಬೆರಳು ಮಡಿಸಿದರು. ಸರಳನ್ನು ಇಟ್ಟು ಮೀಟಲು ಹೇಳಿದರು. ಸ್ವರ ಒಂದೇ ಇತ್ತು, ನೆಟ್ಟಗಿತ್ತು. ಕೈ ನನ್ನದೇ.

ಸ್ಕ್ರೂಡ್ರೈವರನ್ನು ಬಾಯಿಂದ ತೆಗೆದು ಒರೆಸಿ ಕೆಳಗಿಟ್ಟರು. "ನಿಮ್ ಕೈ ಅಲ್ಲ ಮೇಷ್ಟ್ರೇ. ನನ್ ಮ್ಯಾಗ್ನೆಟ್ಟು. ತಪ್ಪು ನಂದು. ಜೋರು ಬರ್ಲಿ ಅಂತ ಸಿಕ್ಕಿದ್ರಲ್ಲೆಲ್ಲ ಬಲವಾಗಿರೋದ್ನ ತಂದ್ ಕೂರ್ಸ್ಬಿಟ್ಟೆ. ಅದು ತಂತೀನ ಕೆಳಕ್ಕೆ ಎಳ್ಕೊತಾ ಇದೆ. ಅಲ್ಲಾಡಕ್ಕೇ ಬಿಡ್ತಿಲ್ಲ. ಪಾಪ, ಅದ್ಹೆಂಗೆ ಹಾಡ್ತದೆ."

ನಾನು ಕೈಯ ಬಗೆಗಿನ ಭಯವನ್ನು ಅವರಿಗೆ ಹೇಳಿಯೇ ಇರಲಿಲ್ಲ. ಆದರೂ ಅವರು ಮೊದಲು ಹೇಳಿದ್ದು ಆ ಮಾತನ್ನು.

ಅಯಸ್ಕಾಂತವನ್ನು ದೂರ ಸರಿಸಲು ಗಿಟಾರಿನಲ್ಲಿ ಜಾಗವಿರಲಿಲ್ಲ. ಬಲವನ್ನೇ ಇಳಿಸಬೇಕು. ಅಯಸ್ಕಾಂತ ಕಾದರೆ ಬಲ ಕಳೆದುಕೊಳ್ಳುತ್ತದೆಂದು ಅವರಿಗೆ ಗೊತ್ತಿತ್ತು. ಅದನ್ನು ಹೆಂಡತಿಯ ಇದ್ದಲ ಒಲೆಯಲ್ಲಿಟ್ಟರು. ಹೆಚ್ಚು ಹೊತ್ತಾಯಿತೇನೋ. ಆರಿದ ಮೇಲೆ ಅದು ಒಂದು ಗುಂಡುಸೂಜಿಯನ್ನೂ ಎತ್ತಲಿಲ್ಲ. ಬರೀ ಕಬ್ಬಿಣ. ಅದನ್ನು ಅವರು ಎಸೆಯಲಿಲ್ಲ. ಎದುರಿನ ಗೋಡೆಯ ಗೂಡಿನಲ್ಲಿ ಇಟ್ಟುಕೊಂಡರು. ಮೋಟರು ಬೇಗ ಬೇಕೆಂದು ಅವಸರ ಮಾಡುವವರಿಗೆ ಅದನ್ನು ತೋರಿಸಿ, "ಇದು ನಾನು ಅವಸರದಲ್ಲಿ ಸಾಯ್ಸಿದ್ದು," ಎನ್ನುತ್ತಿದ್ದರು.

ಅದೇ ಹಳೆಯ ಫೋನಿನಲ್ಲಿ ಅಂಥದೇ ಇನ್ನೊಂದಿತ್ತು. ಈ ಸಲ ಬೇರೆ ದಾರಿ ಹಿಡಿದರು. ದಪ್ಪ ತಂತಿಯ ದೊಡ್ಡ ಸುರುಳಿ ಸುತ್ತಿದರು. ಅದರ ನಡುವೆ ಅಯಸ್ಕಾಂತ ಇಟ್ಟು, ಮನೆಯ ಕರೆಂಟನ್ನು ಒಂದು ಬಲ್ಬಿನ ಮೂಲಕ ಸುರುಳಿಗೆ ಬಿಟ್ಟು, ಅಯಸ್ಕಾಂತವನ್ನು ನಿಧಾನವಾಗಿ ಹೊರಕ್ಕೆ ಎಳೆಯುವುದು. ಸಣ್ಣ ಬಲ್ಬಾದರೆ ಸ್ವಲ್ಪ ಬಲ ಇಳಿಯುತ್ತದೆ, ದೊಡ್ಡ ಬಲ್ಬಾದರೆ ಹೆಚ್ಚು. ಎಳೆಯುವಾಗ ಅವರು "ವದುಲು, ವದುಲು" ಎಂದು, ಬಿಡು ಬಿಡು ಎಂದು, ತೆಲುಗಿನಲ್ಲಿ ಗೊಣಗುತ್ತಿದ್ದರು. ಅವರ ಮನೆಮಾತು ಅದು.

ಎಷ್ಟು ಇಳಿಯಿತು ಎಂದು ತಿಳಿಯುವುದು ಹೇಗೆ? ಅಲ್ಲಿ ನನ್ನ ಗಣಿತ ಕೆಲಸಕ್ಕೆ ಬಂತು. ಹೊಲಿಗೆ ಸೂಜಿಯೊಂದನ್ನು ಅಯಸ್ಕಾಂತಕ್ಕೆ ಉಜ್ಜಿ, ಅವರ ಹೆಂಡತಿ ಕೊಟ್ಟ ರೇಷ್ಮೆ ಎಳೆಯಲ್ಲಿ ತೂಗುಬಿಟ್ಟೆವು. ಅದು ಉತ್ತರಕ್ಕೆ ಮುಖ ಮಾಡಿ ನಿಂತಿತು. ಕೆಳಗೆ ನನ್ನ ಜಾಮಿಟ್ರಿ ಪೆಟ್ಟಿಗೆಯ ಕೋನಮಾಪಕ. ಪೂರ್ವದ ಕಡೆ ಒಂದು ಗೇಣು ದೂರದಲ್ಲಿ ಅಯಸ್ಕಾಂತ ಇಟ್ಟರೆ ಸೂಜಿ ತಿರುಗುತ್ತದೆ. ಬಲ ಹೆಚ್ಚಿದ್ದಷ್ಟೂ ಹೆಚ್ಚು ತಿರುಗುತ್ತದೆ. ಮೊದಲ ದಿನ ಎಪ್ಪತ್ತು ಡಿಗ್ರಿ ತೋರಿಸಿತು. ಸಣ್ಣ ಬಲ್ಬಿನಲ್ಲಿ ಎಳೆದ ಮೇಲೆ ಅರವತ್ತೈದು. ಆ ಅಂಕಿಯನ್ನು ಅವರು ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದರು. ಪ್ರತಿ ಅಂಕಿಗೂ ಗಿಟಾರಿನಲ್ಲಿ ಕೂರಿಸಿ, ಕಚ್ಚಿ, ಎಣಿಸಿ ನೋಡಬೇಕು. ದಿನಕ್ಕೆ ಒಂದೇ ಸಲ ಇಳಿಸುತ್ತಿದ್ದರು.

"ಇನ್ನೂ ಒಂದ್ಸಲ ಮಾಡ್ಬಿಡಣ ಅಣ್ಣ," ಎಂದರೆ ಗೂಡಿನ ಕಡೆ ನೋಡುತ್ತಿದ್ದರು.

ಮೂರು ವಾರ ಹೀಗೆ ನಡೆಯಿತು. ಐವತ್ತಕ್ಕೆ ಬಂದಾಗ ಸಣ್ಣ ತಂತಿಗಳು ಸರಿಹೋದವು. ದಪ್ಪ ತಂತಿಗಳ ನಾದ ಇನ್ನೂ ನಡುಗುತ್ತಿತ್ತು. ಇನ್ನೂ ಇಳಿಸಿದರೆ ಸಣ್ಣ ತಂತಿಗಳ ದನಿ ಸೊರಗುತ್ತದೆ. ಅವರ ಹೆಂಡತಿ ಕಾಫಿ ತಂದವರು ನನ್ನನ್ನು ಕೇಳಿದರು: "ಎಲ್ಲಾ ಎಳೇಗೂ ಒಂದೇ ಬಿಗಿ ಯಾಕೆ ಮೇಷ್ಟ್ರೇ? ನಾವು ನೂಲು ತೆಗೆಯೋವಾಗ ದಪ್ಪ ಎಳೆ ಬಂದ್ರೆ ಕೈ ಸಡಿಲ ಬಿಡ್ತೀವಿ."

ನಾನು ಅದನ್ನು ಕೂಗಿ ಅವರಿಗೆ ದಾಟಿಸಿದೆ. ಅವರು ಹೆಂಡತಿಯ ಮುಖ ನೋಡಿದರು. ಆಮೇಲೆ ದಪ್ಪ ತಂತಿಗಳ ಕೆಳಗಿನ ಎರಡು ತಿರುಪನ್ನು ಮಾತ್ರ ಒಂದೊಂದು ಸುತ್ತು ಒಳಕ್ಕೆ ಇಳಿಸಿದರು. ಕಚ್ಚಿದರು. ಎಣಿಸಿದರು. ಎಂಟು.

ಆಕೆಯ ಕಡೆ ತಿರುಗಿ ಅವರು ತೆಲುಗಿನಲ್ಲಿ ಏನೋ ಹೇಳಿದರು. ನನಗೆ ಕೇಳಿಸಲಿಲ್ಲ, ಅಷ್ಟು ಮೆಲ್ಲಗೆ. ಆಕೆ ಸೆರಗಿನಲ್ಲಿ ನಗು ಮುಚ್ಚಿಕೊಂಡು ಒಳಗೆ ಹೋದರು.

ಪೋಸ್ಟ್ ಮಾಸ್ಟರರಿಗೆ ಕಾಗದ ಬರೆದೆ. ಒಂದು ಅವಕಾಶ ಕೊಡಿ ಎಂದು ಕೇಳಿದೆ. ಶಾಲೆಯೊಂದರ ವಾರ್ಷಿಕೋತ್ಸವಕ್ಕೆ ಕರೆದರು. ಅಣ್ಣನೂ ನನ್ನ ಜೊತೆ ಬಸ್ಸಿನಲ್ಲಿ ಬಂದರು, ಕಿವಿ ಕೈಕೊಟ್ಟರೆ ತಾವು ಹತ್ತಿರ ಇರಬೇಕೆಂದು. ಅದೇ ಹಾಡು, ನಾನೊಬ್ಬನೇ ನುಡಿಸುವ ಅದೇ ಜಾಗ. ಸರಳನ್ನು ಮೇಲಕ್ಕೆ ಜಾರಿಸಿ ಸ್ವರದ ಮೇಲೆ ನಿಲ್ಲಿಸಿದೆ. ನಾದ ಕುಸಿಯದೆ ನಿಂತಿತು. ಪೋಸ್ಟ್ ಮಾಸ್ಟರರು ಹಾಡಬೇಕಾದ ಜಾಗದಲ್ಲಿ ಹಾಡದೆ, ಇನ್ನೊಂದು ಸುತ್ತು ನುಡಿಸಿ ಎಂದು ಗಲ್ಲ ಎತ್ತಿ ತೋರಿಸಿದರು. ಆಗ ಸಭೆಯ ಮುಂದಿನ ಸಾಲಿನವರು ನಗುವುದು ಕಂಡಿತು. ವೇದಿಕೆಯ ಪಕ್ಕ ಅಣ್ಣ ಬಗ್ಗಿ ನಿಂತು, ಸ್ಕ್ರೂಡ್ರೈವರನ್ನು ಕಚ್ಚಿ, ಧ್ವನಿವರ್ಧಕದ ಮರದ ಪೆಟ್ಟಿಗೆಗೆ ಮುಟ್ಟಿಸಿಕೊಂಡಿದ್ದರು. ಯಾರು ನಕ್ಕರೂ ಅವರಿಗೆ ಕೇಳುತ್ತಿರಲಿಲ್ಲ. ಕಣ್ಣು ಮುಚ್ಚಿತ್ತು. ಹಾಡು ಮುಗಿಯುವವರೆಗೆ ಹಾಗೇ ಇದ್ದರು.

ಬಸ್ಸಿನಲ್ಲಿ ಹಿಂದಿರುಗುವಾಗ ಅವರು ಹೇಳಿದರು: "ಯುದ್ಧಕ್ಕೆ ಹೋದ್ಮೇಲೆ ಒಂದು ಹಾಡು ಪೂರ್ತಿ ಕೇಳಿದ್ದು ಇವತ್ತೇ. ಮೋಟ್ರು ಕಚ್ಚಿದ್ದೀನಿ, ಡೈನಮೋ ಕಚ್ಚಿದ್ದೀನಿ. ಹಾಡಿನ ಪೆಟ್ಟಿಗೆ ಕಚ್ಬೋದು ಅಂತ ಹೊಳ್ದೇ ಇರ್ಲಿಲ್ಲ ನೋಡಿ."

ಮಾರನೆಯ ದಿನದಿಂದ ಅಂಗಡಿಗೆ ಬಂದ ಪ್ರತಿ ರೇಡಿಯೋವನ್ನೂ ಅವರು ಕಚ್ಚಿ ಕೇಳತೊಡಗಿದರು. ರಿಪೇರಿ ತಡವಾಗುತ್ತಿದೆ ಎಂದು ಗಿರಾಕಿಗಳು ದೂರಿದರು. ಸರಿಹೋದ ಮೇಲೂ ಒಂದೆರಡು ದಿನ ಇಟ್ಟುಕೊಳ್ಳುತ್ತಿದ್ದರು.

ಆಮೇಲೆ ಬೇರೆ ಊರಿನ ವಾದ್ಯದವರೂ ಬಂದರು. ಗೌರಿಬಿದನೂರಿನಿಂದ ಬಂದ ಮ್ಯಾಂಡೊಲಿನ್ ವಾದಕರೊಬ್ಬರಿಗೆ ಇನ್ನೂ ಜೋರು ಬೇಕಿತ್ತು. ಅಣ್ಣ ಒಪ್ಪಲಿಲ್ಲ. "ಜೋರು ಬೇಕಾದ್ರೆ ಪೆಟ್ಟಿಗೇಲಿ ಗುಂಡಿ ಐತೆ, ತಿರುಗ್ಸಪ್ಪ. ತಂತೀನ ಯಾಕ್ ಹಿಡ್ಕೊತೀಯ?" ಆ ವಾದಕರು ಮುನಿಸಿಕೊಂಡು ಹೋದವರು ಒಂದು ತಿಂಗಳಿಗೆ ವಾಪಸು ಬಂದರು. ಅಣ್ಣ ಹಳೆಯ ಮಾತು ಎತ್ತದೆ ಕೆಲಸಕ್ಕೆ ಕೂತರು.

ನನಗೆ ಗೌರಿಬಿದನೂರಿಗೆ ವರ್ಗವಾಯಿತು. ಅಲ್ಲಿಂದ ವರ್ಷಕ್ಕೊಮ್ಮೆ ಹೋಗಿಬರುತ್ತಿದ್ದೆ, ಆಮೇಲೆ ಅದೂ ತಪ್ಪಿತು. ಅಣ್ಣ ಎದೆನೋವಿನಿಂದ ತೀರಿಹೋದರೆಂಬ ಸುದ್ದಿ ನನಗೆ ತಿಳಿದದ್ದು ಎಲ್ಲ ಕಾರ್ಯವೂ ಮುಗಿದ ಮೇಲೆ. ಅವರ ಹೆಂಡತಿಯನ್ನು ಹೇಗೆ ಮಾತಾಡಿಸುವುದೆಂದು ದಾರಿಯುದ್ದಕ್ಕೂ ಯೋಚಿಸುತ್ತ ಹೋದೆ. ಬಾಗಿಲು ಮುಚ್ಚಿರುತ್ತದೆ, ಮೋಟರುಗಳನ್ನೆಲ್ಲ ಯಾರೋ ಒಯ್ದಿರುತ್ತಾರೆ ಎಂದುಕೊಂಡಿದ್ದೆ.

ಬಾಗಿಲು ತೆರೆದಿತ್ತು. ಮೋಟರುಗಳು ಮೆಟ್ಟಿಲ ಕೆಳಗಿನವರೆಗೂ ಸಾಲಾಗಿದ್ದವು. ಒಳಗೆ ಆಕೆ ನೆಲದ ಮೇಲೆ ಕೂತು ಮೋಟರಿನ ಹೊಟ್ಟೆಯೊಳಗೆ ತಂತಿಯ ಸುರುಳಿಗಳನ್ನು ಕೂರಿಸುತ್ತಿದ್ದರು. ಎದುರಿಗೆ ಅದೇ ಬೀದಿಯ ಇಬ್ಬರು ಹೆಂಗಸರು ತಂತಿ ಸುತ್ತುತ್ತಿದ್ದರು. ಕಟ್ಟೆಯ ಮೇಲೆ ರೈತರೊಬ್ಬರು ಕಾಯುತ್ತಿದ್ದರು.

ನಾನು ಏನೋ ಹೇಳಲು ಬಾಯಿ ತೆರೆದೆ. ಆಕೆಯ ಕಣ್ಣು ತುಂಬಿತು, ಆದರೆ ಕೈ ನಿಲ್ಲಲಿಲ್ಲ.

"ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ," ಎಂದರು. "ಇವ್ರದ್ದು ಟೊಮೇಟೊ ನಾಟಿ ಹಾಕಿ ಮೂರು ದಿನ ಆಯ್ತಂತೆ. ಸಂಜೆ ಒಳಗೆ ಇದು ತಿರುಗ್ಬೇಕು. ಆಮೇಲೆ ಮಾತಾಡಣ."

ನಾನು ಕಟ್ಟೆಯ ಮೇಲೆ ರೈತರ ಪಕ್ಕದಲ್ಲಿ ಕೂತೆ. ಐದು ಗಂಟೆಯ ಹೊತ್ತಿಗೆ ಆಕೆ ಎದ್ದು, ತಂತಿಯ ತುದಿಗಳನ್ನು ಬಿಗಿದು, ಎಲ್ಲರಿಗೂ ಹಿಂದೆ ಸರಿಯಲು ಹೇಳಿ ಸ್ವಿಚ್ಚು ಹಾಕಿದರು. ಮೋಟರು ಒಮ್ಮೆ ಗುಂಯ್ ಎಂದು, ತಿರುಗತೊಡಗಿತು. ರೈತರು ಎದ್ದುನಿಂತು ಗಾಡಿಯನ್ನು ಬಾಗಿಲಿಗೆ ತರಲು ಹೋದರು.